ಕ್ರೀಡೆಯ ಕೋವಿ, ಕಾನೂನಿನ ಕಣ್ಣು

ಕೈಲ್ ಮುಹೂರ್ತದ ದಿನ ಕೊಡಗಿನ ಮನೆಯೊಂದಕ್ಕೆ ಹೋದವರು ಅಲ್ಲಿಯ ಕೋವಿಯನ್ನು ಮರೆಯಲಾರರು. ಅದನ್ನು ಒರಸಿ, ಗಂಧವಿಟ್ಟು, ತೋಕ್‌ಪೂವನ್ನು ಸಿಕ್ಕಿಸಿ, ದೀಪದ ಮುಂದೆ ನಿಲ್ಲಿಸಿರುವರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳ ಮಟ್ಟಿಗೆ ಲೈಸೆನ್ಸಿನಿಂದ ವಿನಾಯಿತಿಯುಂಟು. ಬ್ರಿಟಿಷರ ಕಾಲದಿಂದ ನಡೆದುಬಂದ ಈ ವಿನಾಯಿತಿಯನ್ನು ಭಾರತ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ನಾಡಿನ ಉಳಿದವರಿಗಾದರೋ 1959ರ ಆಯುಧ ಶಾಸನವೇ ಗತಿ. ಒಂದೇ ರಾಜ್ಯದೊಳಗೆ ಒಬ್ಬನಿಗೆ ಕುಲಧರ್ಮವಾಗಿರುವ ವಸ್ತು ಇನ್ನೊಬ್ಬನಿಗೆ ಅರ್ಜಿಯ ವಸ್ತುವಾಗಿರುವುದನ್ನು ಕಂಡಾಗ, ಸರ್ಕಾರವು ತನ್ನ ಪ್ರಜೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಜರ್ಮನ್ ಭಾಷೆಯನ್ನಾಡುವ ಮೂರು ದೇಶಗಳು, ಎಂದರೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡುಗಳು, ಮೂರು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿರುವುವು. ಮೂವರದೂ ಹೆಚ್ಚು ಕಡಮೆ ಒಂದೇ ಮಾತು. ಮೂವರಲ್ಲಿಯೂ ಗುರಿ ಹೊಡೆಯುವ ಆಟವು ಬಹುಕಾಲದ ವಿನೋದ. ಸ್ವಿಸ್ ಗುರಿಕಾರರ ಮಹಾಸಂಘವು 1824ರಲ್ಲಿ ಆರಾವ್ ಪಟ್ಟಣದಲ್ಲಿಯೂ, ಜರ್ಮನ್ ಗುರಿಕಾರರದು 1861ರಲ್ಲಿ ಗೋಥಾ ಪಟ್ಟಣದಲ್ಲಿಯೂ ಹುಟ್ಟಿದುವು. ಜರ್ಮನಿಯ ಆ ಸಂಘದಲ್ಲಿ ಇಂದಿಗೂ 13 ಲಕ್ಷಕ್ಕೆ ಮಿಕ್ಕ ಸದಸ್ಯರಿರುವರು. ಹಳ್ಳಿಹಳ್ಳಿಯಲ್ಲಿಯೂ ಅವರ ಮಂದಿರ, ಅವರ ಮೆರವಣಿಗೆ, ವರ್ಷಕ್ಕೊಮ್ಮೆ ಗುರಿಯಲ್ಲಿ ಗೆದ್ದವನಿಗೆ ರಾಜನೆಂಬ ಬಿರುದು. ಇಂತಹ ಜನರ ಕೈಗೆ ಕೋವಿಯನ್ನು ಕೊಡುವ ಮೊದಲು ಅಲ್ಲಿಯ ಕಾನೂನು ಏನೇನು ಕೇಳುವುದು, ಏಕೆ ಕೇಳುವುದು ಎಂಬುದನ್ನು ನಾವು ಈ ಹೊತ್ತು ವಿಚಾರ ಮಾಡೋಣ.

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಕೋವಿಯನ್ನು ಕೊಳ್ಳುವುದು ಒಂದು, ಮನೆಯಲ್ಲಿಟ್ಟುಕೊಳ್ಳುವುದು ಇನ್ನೊಂದು, ಅದನ್ನು ಹೊತ್ತು ಬೀದಿಯಲ್ಲಿ ತಿರುಗುವುದು ಮೂರನೆಯದು. ನಮ್ಮಲ್ಲಿ ಸಾಮಾನ್ಯವಾಗಿ ಲೈಸೆನ್ಸು ಎಂದರೆ ಇವು ಮೂರೂ ಒಟ್ಟಾಗಿ ನೆನಪಿಗೆ ಬರುವುವು. ಆ ದೇಶಗಳಲ್ಲಿ ಹಾಗಲ್ಲ. ಕ್ರೀಡೆಗೆಂದು ಕೋವಿಯನ್ನು ಪಡೆದವನು ಅದನ್ನು ಮನೆಯಿಂದ ಗುರಿಯ ಮೈದಾನಕ್ಕೆ ಒಯ್ಯಬಹುದು. ಆದರೆ ಗುಂಡು ತುಂಬಿರಕೂಡದು, ಒಡನೆ ಕೈಗೆ ಸಿಕ್ಕುವಂತೆಯೂ ಇರಕೂಡದು. ತುಂಬಿದ ಕೋವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುವ ಅಪ್ಪಣೆ ಬೇರೆಯೇ ಆಗಿದ್ದು, ಅದು ಸಾಮಾನ್ಯರಿಗೆ ದೊರೆಯುವುದು ಬಹಳ ಅಪೂರ್ವ.

ಈಗ ಜರ್ಮನಿಯ ವಿಷಯ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಮೇಲೆ ಆ ದೇಶದಲ್ಲಿ ಸೈನಿಕರು ಮನೆಗೆ ತಂದ ಕೋವಿಗಳು ಅಸಂಖ್ಯಾತವಾಗಿದ್ದುವು. 1919ರಲ್ಲಿ ಅವನ್ನೆಲ್ಲ ಒಪ್ಪಿಸಬೇಕೆಂದು ಆಜ್ಞೆಯಾಯಿತು. 1928ರಲ್ಲಿ ಪರವಾನಗಿಯ ಕ್ರಮವನ್ನು ಒಂದು ಶಾಸನವು ಏರ್ಪಡಿಸಿತು. ಹಿಟ್ಲರನ ಸರ್ಕಾರವು 1938ರ ಮಾರ್ಚಿಯಲ್ಲಿ ಹೊಸ ಶಾಸನವನ್ನು ಮಾಡಿ, ತನಗೆ ಬೇಕಾದವರಿಗೆ ಸಡಿಲಿಸಿತು. ಅದೇ ವರ್ಷದ ನವೆಂಬರ್ 11ರಂದು ಯೆಹೂದ್ಯರು ಯಾವ ಆಯುಧವನ್ನೂ ಇಟ್ಟುಕೊಳ್ಳಕೂಡದೆಂದು ಕಟ್ಟಳೆ ಹೊರಡಿಸಿತು. ಆಯುಧದ ಕಾನೂನು ಪ್ರಜೆಯ ರಕ್ಷಣೆಗೂ ಆಗಬಹುದು, ಪ್ರಜೆಯ ಪೀಡನೆಗೂ ಆಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ. ಯುದ್ಧಾನಂತರ ಪಶ್ಚಿಮ ಜರ್ಮನಿಯು 1972ರಲ್ಲಿ ಇಡೀ ಒಕ್ಕೂಟಕ್ಕೆ ಅನ್ವಯಿಸುವ ಶಾಸನವೊಂದನ್ನು ಮಾಡಿತು. ಈಗ ನಡೆಯುತ್ತಿರುವ ಶಾಸನವು 2002ರಲ್ಲಿ ಅಂಗೀಕೃತವಾಗಿ 2003ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

ಈ ಶಾಸನವು ಕೋಟೆಗೆ ಐದು ಬಾಗಿಲುಗಳಿರುವಂತೆ ಐದು ಪ್ರಶ್ನೆಗಳನ್ನಿಟ್ಟಿದೆ. ಒಂದು, ವಯಸ್ಸು. ಎರಡು, ವಿಶ್ವಾಸಾರ್ಹತೆ: ಅರ್ಜಿದಾರನು ಅಪರಾಧಿಯಾಗಿದ್ದನೆ, ಕೋವಿಯನ್ನು ಅಜಾಗರೂಕತೆಯಿಂದ ಬಳಸುವನೆಂದು ನಂಬಲು ಕಾರಣವುಂಟೆ, ರಾಜ್ಯಾಂಗಕ್ಕೆ ವಿರುದ್ಧವಾದ ಕೂಟಗಳಲ್ಲಿ ಸೇರಿರುವನೆ ಎಂಬುದು. ಮೂರು, ದೇಹ ಮನಸ್ಸುಗಳ ಯೋಗ್ಯತೆ: ಕುಡಿತಕ್ಕೆ ದಾಸನಾದವನಿಗೂ ಚಿತ್ತಸ್ವಾಸ್ಥ್ಯವಿಲ್ಲದವನಿಗೂ ಕೋವಿಯಿಲ್ಲ. ನಾಲ್ಕು, ತಿಳಿವಳಿಕೆ: ಕೋವಿಯ ರಚನೆ, ಗುಂಡು ಎಷ್ಟು ದೂರ ಹಾರುವುದೆಂಬುದು, ಕಾನೂನಿನ ವಿಧಿಗಳು, ಇವುಗಳಲ್ಲಿ ಪರೀಕ್ಷೆ ಕೊಟ್ಟು ತೇರ್ಗಡೆಯಾಗಬೇಕು. ಐದು, ಅಗತ್ಯ. ಈ ಐದನೆಯದೇ ಜರ್ಮನ್ ಕಾನೂನಿನ ಹೃದಯ. ‘ನನಗೆ ಇಷ್ಟ’ ಎಂದರೆ ಸಾಲದು. ‘ನನ್ನ ಮನೆಯ ಕಾವಲಿಗೆ’ ಎಂದರೂ ಸಾಮಾನ್ಯನಿಗೆ ಸಾಲದು. ಬೇಟೆಗಾರನಾಗಿಯೋ, ಗುರಿಕಾರನಾಗಿಯೋ, ಸಂಗ್ರಾಹಕನಾಗಿಯೋ, ಇತರರಿಗಿಂತ ವಿಶೇಷವಾದ ಅಪಾಯಕ್ಕೆ ಗುರಿಯಾದವನಾಗಿಯೋ ತನ್ನ ಅಗತ್ಯವನ್ನು ಸ್ಥಾಪಿಸಬೇಕು.

ಉದಾಹರಣೆಗೆ, ಬವೇರಿಯಾದ ಒಂದು ಊರಿನಲ್ಲಿ ಇಪ್ಪತ್ತೆರಡು ವರ್ಷದ ಯುವಕನೊಬ್ಬನು ಸ್ಪರ್ಧೆಗಾಗಿ ದೊಡ್ಡ ಗುಂಡಿನ ಪಿಸ್ತೂಲನ್ನು ಕೊಳ್ಳಬಯಸುವನೆಂದು ಭಾವಿಸೋಣ. ಅವನು ಮೊದಲು ಸರ್ಕಾರದ ಮನ್ನಣೆ ಪಡೆದ ಮಹಾಸಂಘಕ್ಕೆ ಸೇರಿದ ಒಂದು ಸಂಘದ ಸದಸ್ಯನಾಗಬೇಕು. ಅಲ್ಲಿ ಸಂಘದ ಕೋವಿಯಿಂದಲೇ ಹನ್ನೆರಡು ತಿಂಗಳ ಕಾಲ ಕ್ರಮವಾಗಿ ಅಭ್ಯಾಸ ಮಾಡಬೇಕು. ತಿಂಗಳಿಗೊಮ್ಮೆ, ಇಲ್ಲವೆ ವರ್ಷದಲ್ಲಿ ಹದಿನೆಂಟು ಸಲ ಎಂಬುದು ರೂಢಿಯ ಲೆಕ್ಕ. ಆಮೇಲೆ ಮಹಾಸಂಘವು, ‘ಈತನು ಆಡುವ ಪಂದ್ಯಕ್ಕೆ ಈ ಬಗೆಯ ಪಿಸ್ತೂಲು ಒಪ್ಪುವುದು, ಬೇಕಾಗಿಯೂ ಇರುವುದು’ ಎಂದು ಬರೆದುಕೊಡಬೇಕು. ಯುವಕನಿಗೆ ಇಪ್ಪತ್ತೈದು ತುಂಬಿಲ್ಲವಾದ ಕಾರಣ ಮನೋಯೋಗ್ಯತೆಯ ವಿಷಯದಲ್ಲಿ ವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಅಭಿಪ್ರಾಯವನ್ನು ತನ್ನ ಖರ್ಚಿನಿಂದಲೇ ತರಬೇಕು. ಇಷ್ಟಾದ ಮೇಲೆ ಕಚೇರಿಯು ಪೊಲೀಸರನ್ನೂ, 2020ರಿಂದೀಚೆಗೆ ರಾಜ್ಯಾಂಗ ಸಂರಕ್ಷಣೆಯ ಇಲಾಖೆಯನ್ನೂ ವಿಚಾರಿಸುವುದು. ಒಪ್ಪಿಗೆಯಾದರೆ ಹಸುರು ಬಣ್ಣದ ಆಯುಧಪತ್ರವು ಕೈಗೆ ಬರುವುದು. ಆ ಒಪ್ಪಿಗೆಯು ಒಂದು ವರ್ಷ ನಡೆಯುವುದು. ಕೊಂಡ ಎರಡು ವಾರದೊಳಗೆ ಪಿಸ್ತೂಲಿನ ಸಂಖ್ಯೆಯನ್ನು ಕಚೇರಿಯಲ್ಲಿ ಬರೆಯಿಸಬೇಕು. ಅರ್ಧ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಕೊಳ್ಳುವಂತಿಲ್ಲ.

ಒಂದೊಂದು ಸಲಕ್ಕೆ ಒಂದೇ ಗುಂಡನ್ನು ತುಂಬುವ ಕೋವಿ, ಪ್ರತಿ ಸಲವೂ ಕೈಯಿಂದ ಕೀಲನ್ನು ಎಳೆಯಬೇಕಾದ ರೈಫಲು ಮುಂತಾದುವಕ್ಕೆ ಹಳದಿ ಪತ್ರವೆಂಬುದು ಬೇರೆಯುಂಟು. ಅದಿದ್ದವನು ಪ್ರತಿಯೊಂದಕ್ಕೂ ಮುಂಚಿತವಾಗಿ ಅಪ್ಪಣೆ ಕೇಳಬೇಕಾಗಿಲ್ಲ. ಆದರೆ 2020ರ ತಿದ್ದುಪಡಿಯಂತೆ ಹತ್ತಕ್ಕೆ ಮೀರಕೂಡದು. ಒಲಿಂಪಿಕ್ ಪಂದ್ಯಗಳಲ್ಲಿ ಕಾಣುವ ಗಾಳಿಕೋವಿಗಾದರೋ ಇಷ್ಟೆಲ್ಲ ಕಟ್ಟಿಲ್ಲ: ಅದರ ಬಲವು 7.5 ಜೂಲಿಗೆ ಮೀರದೆ, ನಿಯತವಾದ ಮುದ್ರೆಯಿದ್ದರೆ, ಹದಿನೆಂಟು ತುಂಬಿದ ಯಾರಾದರೂ ಪರವಾನಗಿಯಿಲ್ಲದೆ ಕೊಳ್ಳಬಹುದು. ಸಂಘದ ಮೈದಾನದಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ, ತಂದೆತಾಯಿಗಳ ಒಪ್ಪಿಗೆಯಿಂದ, ಹನ್ನೆರಡು ವರ್ಷದ ಬಾಲಕರೂ ಅದರಿಂದ ಅಭ್ಯಾಸ ಮಾಡುವರು.

ಕೋವಿ ಕೈಗೆ ಬಂದಿತೆಂದು ಪ್ರಶ್ನೆಗಳು ಮುಗಿಯಲಿಲ್ಲ. ಮೂರು ವರ್ಷಕ್ಕೊಮ್ಮೆಯಾದರೂ ವಿಶ್ವಾಸಾರ್ಹತೆಯನ್ನು ಮತ್ತೆ ಪರೀಕ್ಷಿಸುವರು. ಐದನೆಯ ವರ್ಷದಲ್ಲಿಯೂ ಹತ್ತನೆಯ ವರ್ಷದಲ್ಲಿಯೂ ಆಟವನ್ನು ಬಿಟ್ಟಿಲ್ಲವೆಂಬುದಕ್ಕೆ ಸಾಕ್ಷ್ಯವನ್ನು ಕೊಡಬೇಕು. ಆಟವಾಡದವನಿಗೆ ಆಟದ ಕೋವಿ ಏಕೆ ಎಂಬುದು ಇಲ್ಲಿಯ ತರ್ಕ. ಎಲ್ಲಕ್ಕಿಂತಲೂ ಮುಖ್ಯವಾದುದು ಕಬ್ಬಿಣದ ಪೆಟ್ಟಿಗೆಯ ವಿಷಯ. 2017ರ ಜುಲೈ ತಿಂಗಳಿಂದೀಚೆಗೆ ಹೊಸದಾಗಿ ಕೊಳ್ಳುವ ಪೆಟ್ಟಿಗೆಯು ಯೂರೋಪಿನ ಪ್ರಮಾಣದಂತೆ ‘ಶೂನ್ಯ’ ಎಂಬ ದರ್ಜೆಯದಾದರೂ ಆಗಿರಬೇಕು. ಅದರ ತೂಕವು 200 ಕಿಲೋಗ್ರಾಮಿಗಿಂತ ಕಡಮೆಯಾದರೆ ಐದಕ್ಕಿಂತ ಹೆಚ್ಚು ಪಿಸ್ತೂಲುಗಳನ್ನು ಅದರಲ್ಲಿಡಕೂಡದು. ಬೀಗದ ಕೈಯನ್ನೆಲ್ಲಿಡಬೇಕು? ಈ ಪ್ರಶ್ನೆಯೂ ನ್ಯಾಯಾಲಯದ ಮೆಟ್ಟಿಲನ್ನೇರಿತು. ಮ್ಯೂನ್‌ಸ್ಟರ್ ನಗರದ ಮೇಲ್ಮಟ್ಟದ ಆಡಳಿತ ನ್ಯಾಯಾಲಯವು 2023ರ ಆಗಸ್ಟಿನಲ್ಲಿ, ಬೀಗದ ಕೈಯನ್ನೂ ಅಷ್ಟೇ ಭದ್ರವಾದ ಪೆಟ್ಟಿಗೆಯಲ್ಲಿಡಬೇಕೆಂದು ಹೇಳಿತು. ಪೆಟ್ಟಿಗೆಗೊಂದು ಪೆಟ್ಟಿಗೆ! ಇದನ್ನು ಕೇಳಿ ನಮ್ಮಲ್ಲಿ ಕೆಲವರು ನಗಬಹುದು. ಆದರೆ ಈ ಕಟ್ಟಳೆಗಳ ಹಿಂದಿರುವ ಕಥೆಯನ್ನು ಕೇಳಿದ ಮೇಲೆ ನಗುವುದು ಕಷ್ಟ.

2002ರ ಏಪ್ರಿಲ್ 26ರಂದು ಜರ್ಮನಿಯ ಪಾರ್ಲಿಮೆಂಟು ಆಯುಧ ಶಾಸನದ ತಿದ್ದುಪಡಿಗೆ ಒಪ್ಪಿಗೆ ಕೊಡುತ್ತಿತ್ತು. ಅದೇ ದಿನ ಏರ್‌ಫುರ್ಟ್ ನಗರದ ಶಾಲೆಯೊಂದರಿಂದ ಹೊರಹಾಕಲ್ಪಟ್ಟಿದ್ದ ಹತ್ತೊಂಬತ್ತು ವರ್ಷದ ಹುಡುಗನು ಆ ಶಾಲೆಗೆ ಹಿಂದಿರುಗಿ ಹದಿನಾರು ಮಂದಿಯನ್ನು ಕೊಂದು ತಾನೂ ಸತ್ತನು. ಅವನು ಗುರಿಕಾರರ ಸಂಘದ ಸದಸ್ಯನಾಗಿದ್ದನು. ಮಾಡಿದ ಶಾಸನವನ್ನು ಜಾರಿಗೆ ತರುವ ಮೊದಲೇ ಮತ್ತೆ ತಿದ್ದಿ, ದೊಡ್ಡ ಗುಂಡಿನ ಕೋವಿಗೆ ಗುರಿಕಾರನ ವಯಸ್ಸನ್ನು ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಏರಿಸಿದರು. ಇಪ್ಪತ್ತೈದರೊಳಗಿನವರಿಗೆ ಮನೋಪರೀಕ್ಷೆಯನ್ನು ವಿಧಿಸಿದರು.

2009ರ ಮಾರ್ಚ್ 11ರಂದು ವಿನ್ನೆಂಡನ್ ಎಂಬ ಊರಿನಿಂದ ಮೊದಲುಗೊಂಡು ಹದಿನೇಳು ವರ್ಷದ ಬಾಲಕನು ಹದಿನೈದು ಜನರನ್ನು ಕೊಂದನು. ಪಿಸ್ತೂಲು ಅವನದಲ್ಲ, ಅವನ ತಂದೆಯದು. ತಂದೆಯು ಕಾನೂನಿನಂತೆ ಎಲ್ಲ ಅಪ್ಪಣೆಗಳನ್ನೂ ಪಡೆದಿದ್ದ ಗುರಿಕಾರ. ಅವನ ಉಳಿದ ಕೋವಿಗಳೆಲ್ಲ ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದುವು. ಆ ಒಂದು ಪಿಸ್ತೂಲು ಮಾತ್ರ ಮಲಗುವ ಕೋಣೆಯಲ್ಲಿ ಬೀಗವಿಲ್ಲದೆ ಇದ್ದಿತು. ನ್ಯಾಯಾಲಯವು ಮಗನ ಕೃತ್ಯಕ್ಕೆ ತಂದೆಯ ಅಲಕ್ಷ್ಯವೂ ಕಾರಣವೆಂದು ತೀರ್ಮಾನಿಸಿ, ಜಾರಿಯನ್ನು ತಡೆಹಿಡಿದ ಸೆರೆವಾಸದ ಶಿಕ್ಷೆಯನ್ನು ಅವನಿಗೆ ವಿಧಿಸಿತು. ಆ ವರ್ಷವೇ ಕಾನೂನನ್ನು ತಿದ್ದಿ, ಕಚೇರಿಯವರು ಮುನ್ಸೂಚನೆಯಿಲ್ಲದೆ ಮನೆಗೆ ಬಂದು ಪೆಟ್ಟಿಗೆಯನ್ನು ತೋರಿಸೆಂದು ಕೇಳಬಹುದೆಂದು ಮಾಡಿದರು. ಕಠಿಣ ಅಪಾಯವೊಂದನ್ನು ತಪ್ಪಿಸುವುದಕ್ಕಲ್ಲದೆ ಯಜಮಾನನ ಇಚ್ಛೆಗೆ ವಿರುದ್ಧವಾಗಿ ಒಳಗೆ ನುಗ್ಗುವಂತಿಲ್ಲ, ನಿಜ. ಆದರೆ ಕಾರಣವಿಲ್ಲದೆ ಬಾಗಿಲು ಮುಚ್ಚುವವನು ತನ್ನ ವಿಶ್ವಾಸಾರ್ಹತೆಗೆ ತಾನೇ ಕುಂದು ತಂದುಕೊಳ್ಳುವನು.

2020ರ ಫೆಬ್ರವರಿ 19ರಂದು ಹಾನಾವ್ ನಗರದಲ್ಲಿ ಜನಾಂಗದ್ವೇಷದಿಂದ ಒಬ್ಬನು ಒಂಬತ್ತು ಮಂದಿಯನ್ನೂ ಆಮೇಲೆ ತನ್ನ ತಾಯಿಯನ್ನೂ ಕೊಂದನು. ಅವನಿಗೂ ಗುರಿಕಾರನ ಪತ್ರವಿದ್ದಿತು. ಹುಚ್ಚು ಕಲ್ಪನೆಗಳಿಂದ ತುಂಬಿದ ದೂರನ್ನು ಅವನು ಕೆಲವೇ ತಿಂಗಳ ಹಿಂದೆ ಸರ್ಕಾರದ ಉನ್ನತ ಕಚೇರಿಗೆ ಬರೆದಿದ್ದನು. ಆದರೂ ಪಿಸ್ತೂಲು ಅವನ ಕೈಯಲ್ಲಿಯೇ ಉಳಿಯಿತು. ಒಂದು ಕಚೇರಿ ಬಲ್ಲುದನ್ನು ಇನ್ನೊಂದು ಕಚೇರಿ ಅರಿಯದಿದ್ದರೆ, ಐದು ಬಾಗಿಲುಗಳಿದ್ದರೂ ಏನು ಫಲ? 2024ರ ತಿದ್ದುಪಡಿಯು ವಿಚಾರಿಸಬೇಕಾದ ಇಲಾಖೆಗಳ ಸಂಖ್ಯೆಯನ್ನು ಹೆಚ್ಚಿಸಿದುದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ.

ಬೇಟೆಗಾರರದು ಬೇರೆ ದಾರಿ. ಜರ್ಮನಿಯಲ್ಲಿ ಬೇಟೆಯ ಪರೀಕ್ಷೆಯನ್ನು ‘ಹಸುರು ಪದವೀಪ್ರವೇಶ ಪರೀಕ್ಷೆ’ ಎಂದು ವಿನೋದವಾಗಿ ಕರೆಯುವರು, ಅಷ್ಟು ಕಠಿಣ. ಬರಹ, ಬಾಯ್ದೆರೆಯ ಪ್ರಶ್ನೆ, ಗುರಿ ಮೂರರಲ್ಲಿಯೂ ತೇರ್ಗಡೆಯಾಗಬೇಕು. ಮೃಗಗಳ ರೋಗ, ಕಾಡಿನ ರಕ್ಷಣೆ, ಬೇಟೆನಾಯಿಯ ಪಾಲನೆ, ಮಾಂಸದ ಶುದ್ಧಿ ಇವೆಲ್ಲವೂ ಪಾಠಕ್ಕೆ ಸೇರಿವೆ. ಬೇಟೆಯ ಪತ್ರವನ್ನು ಪಡೆದವನು ಉದ್ದದ ಬೇಟೆಕೋವಿಗಳನ್ನು ಆ ಪತ್ರದ ಬಲದಿಂದಲೇ ಕೊಳ್ಳಬಹುದು, ಎರಡು ಪಿಸ್ತೂಲುಗಳನ್ನೂ ಪಡೆಯಬಹುದು. ದಾಖಲೆ ಮತ್ತು ಪೆಟ್ಟಿಗೆಯ ವಿಧಿಗಳು ಅವನಿಗೂ ತಪ್ಪವು.

ಇನ್ನು ಆಸ್ಟ್ರಿಯಾ. ಅಲ್ಲಿಯ 1996ರ ಶಾಸನವು ಮನುಷ್ಯನಿಗಿಂತ ಮೊದಲು ಕೋವಿಯನ್ನು ನೋಡುವುದು. ಕೋವಿಗಳನ್ನು ಅದು ವರ್ಗಗಳಾಗಿ ವಿಂಗಡಿಸಿದೆ. ‘ಎ’ ವರ್ಗದವು ನಿಷಿದ್ಧವಾದುವು ಮತ್ತು ಯುದ್ಧದವು. ‘ಬಿ’ ವರ್ಗದಲ್ಲಿ ಪಿಸ್ತೂಲು, ರಿವಾಲ್ವರು, ತಾನಾಗಿ ಮರುಗುಂಡನ್ನು ತುಂಬಿಕೊಳ್ಳುವ ರೈಫಲು. ‘ಸಿ’ ವರ್ಗದಲ್ಲಿ ಕೈಯಿಂದ ಕೀಲೆಳೆಯುವ ರೈಫಲು ಮತ್ತು ಸಾಮಾನ್ಯವಾದ ಬೇಟೆಕೋವಿ. ‘ಬಿ’ ವರ್ಗಕ್ಕೆ ಆಯುಧಪತ್ರ, ಮನಶ್ಶಾಸ್ತ್ರೀಯ ಅಭಿಪ್ರಾಯ, ಕೋವಿಯನ್ನು ಸರಿಯಾಗಿ ಹಿಡಿಯಬಲ್ಲನೆಂಬ ಪ್ರಮಾಣ ಇವು ಬೇಕು. ಮೊದಲಲ್ಲಿ ಸಾಮಾನ್ಯವಾಗಿ ಎರಡು ಮಾತ್ರ, ಕ್ರೀಡೆಯನ್ನು ತೋರಿಸಿಕೊಟ್ಟವನಿಗೆ ಹೆಚ್ಚು. ಐದು ವರ್ಷಕ್ಕೊಮ್ಮೆ ಮರುಪರೀಕ್ಷೆ. ಒಂದು ಮಾತ್ರ ಜರ್ಮನಿಗಿಂತ ಸಡಿಲ: ‘ನನ್ನ ಮನೆಯೊಳಗೆ ನನ್ನ ರಕ್ಷಣೆಗೆ’ ಎಂಬ ಕಾರಣವನ್ನು ಆಸ್ಟ್ರಿಯಾದ ಕಾನೂನು ಒಪ್ಪುವುದು. ‘ಸಿ’ ವರ್ಗದ ಕೋವಿಯನ್ನಾದರೋ ಹದಿನೆಂಟು ತುಂಬಿದವನು ಅಂಗಡಿಯಲ್ಲಿ ಕೊಂಡು, ಆರು ವಾರದೊಳಗೆ ದಾಖಲೆ ಮಾಡಿಸಿದರೆ ಸಾಕಾಗಿದ್ದಿತು. ಕೋಪವಾರಲೆಂದು ಮೂರು ದಿನ ಕಾಯಬೇಕಾಗಿತ್ತು, ಅಷ್ಟೆ.

2025ರ ಜೂನ್ 10ರವರೆಗೆ ಇದು ಸಾಕೆಂದೇ ಅನೇಕರು ತಿಳಿದಿದ್ದರು. ಆ ದಿನ ಗ್ರಾಜ್ ನಗರದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂದು ವರ್ಷದ ಹಳೆಯ ವಿದ್ಯಾರ್ಥಿಯೊಬ್ಬನು ಹತ್ತು ಮಂದಿಯನ್ನು ಕೊಂದು ಆತ್ಮಹತ್ಯೆ ಮಾಡಿಕೊಂಡನು. ಪಿಸ್ತೂಲೂ ಬೇಟೆಕೋವಿಯೂ ಕಾನೂನಿನಂತೆಯೇ ಅವನಿಗೆ ದೊರೆತಿದ್ದುವು. ಸೈನ್ಯದ ವೈದ್ಯರು ಅವನನ್ನು ಮನಸ್ಸಿನ ಕಾರಣದಿಂದ ಸೇವೆಗೆ ಅಯೋಗ್ಯನೆಂದು ಬಿಟ್ಟಿದ್ದರು. ಆ ವಿಷಯವು ಆಯುಧದ ಕಚೇರಿಗೆ ತಿಳಿದಿರಲಿಲ್ಲ. ಹಾನಾವಿನ ದೋಷವೇ ಬೇರೊಂದು ವೇಷದಲ್ಲಿ! ಅದೇ ವರ್ಷದ ಶರತ್ಕಾಲದಲ್ಲಿ ಆಸ್ಟ್ರಿಯಾದ ಪಾರ್ಲಿಮೆಂಟು, ‘ಬಿ’ ವರ್ಗದ ವಯಸ್ಸನ್ನು ಇಪ್ಪತ್ತೊಂದರಿಂದ ಇಪ್ಪತ್ತೈದಕ್ಕೂ, ‘ಸಿ’ ವರ್ಗದ್ದನ್ನು ಹದಿನೆಂಟರಿಂದ ಇಪ್ಪತ್ತೊಂದಕ್ಕೂ ಏರಿಸುವ, ಮೊದಲ ಖರೀದಿಗೆ ಮೂರು ದಿನದ ಬದಲು ನಾಲ್ಕು ವಾರ ಕಾಯಿಸುವ, ಸೈನ್ಯದ ಪರೀಕ್ಷೆಯ ಫಲವನ್ನು ಆಯುಧದ ಕಚೇರಿಗೆ ತಿಳಿಸುವ ತಿದ್ದುಪಡಿಯನ್ನು ಅಂಗೀಕರಿಸಿತು.

ಸ್ವಿಟ್ಜರ್ಲೆಂಡಿನ ಸ್ಥಿತಿಯು ಇವೆರಡಕ್ಕಿಂತಲೂ ಭಿನ್ನ. ಅಲ್ಲಿ ಪ್ರಜೆಯೇ ಸೈನಿಕ; ಸೈನ್ಯದ ರೈಫಲನ್ನು ಮನೆಯಲ್ಲಿಟ್ಟುಕೊಳ್ಳುವುದು ಹಳೆಯ ಸಂಪ್ರದಾಯ. ಊರೂರಿನಲ್ಲಿಯೂ ನಡೆಯುವ ‘ಬಯಲುಗುರಿ’ ಎಂಬ ಹಬ್ಬದಲ್ಲಿ ವರ್ಷವರ್ಷವೂ ಲಕ್ಷಕ್ಕೆ ಮಿಕ್ಕ ಜನರು ಸೇರುವರು. ಜ್ಯೂರಿಕ್ ನಗರದಲ್ಲಿ ಸೆಪ್ಟೆಂಬರಿನಲ್ಲಿ ಹದಿಮೂರರಿಂದ ಹದಿನೇಳು ವರ್ಷದ ಬಾಲಕರಿಗೆ ಗುರಿಯ ಪಂದ್ಯವುಂಟು. 1991ರಿಂದ ಬಾಲಿಕೆಯರಿಗೂ ಪ್ರವೇಶ ದೊರೆಯಿತು. ಇಂತಹ ದೇಶದಲ್ಲಿ ಆಯುಧಕ್ಕೆ ಇಡೀ ಒಕ್ಕೂಟದ ಶಾಸನವು ಜಾರಿಗೆ ಬಂದುದೇ 1999ರ ಜನವರಿ 1ರಂದು. ಅಲ್ಲಿ ಪಿಸ್ತೂಲಿಗೆ ಕ್ಯಾಂಟನ್ ಎಂಬ ಪ್ರಾಂತದ ಸರ್ಕಾರದಿಂದ ಖರೀದಿಪತ್ರವನ್ನು ಪಡೆಯಬೇಕು. ಹದಿನೆಂಟು ತುಂಬಿರಬೇಕು, ತನಗಾಗಲಿ ಪರರಿಗಾಗಲಿ ಅಪಾಯ ತರುವವನೆಂಬ ಸಂದೇಹವಿರಬಾರದು, ಅಪರಾಧದ ದಾಖಲೆ ಅಡ್ಡಬರಬಾರದು. ಆದರೆ ಕ್ರೀಡೆ, ಬೇಟೆ, ಸಂಗ್ರಹಗಳಿಗೆಂದು ಕೊಳ್ಳುವವನು ಕಾರಣವನ್ನು ವಿವರಿಸಬೇಕಾಗಿಲ್ಲ. ಕೈಯಿಂದ ಕೀಲೆಳೆಯುವ ರೈಫಲಿಗಂತೂ ಖರೀದಿಪತ್ರವೂ ಬೇಡ: ಮಾರುವವನೂ ಕೊಳ್ಳುವವನೂ ಕರಾರನ್ನು ಬರೆದುಕೊಂಡು ಹತ್ತು ವರ್ಷ ಕಾಪಾಡಬೇಕು, ಮೂವತ್ತು ದಿನದೊಳಗೆ ಅದರ ಪ್ರತಿಯನ್ನು ಕ್ಯಾಂಟನ್ನಿಗೆ ಕಳುಹಿಸಬೇಕು.

ಹಾಗೆಂದು ಸ್ವಿಸ್ಸರಿಗೆ ದುಃಖವೇ ಬಂದಿಲ್ಲವೆಂದಲ್ಲ. 2001ರ ಸೆಪ್ಟೆಂಬರ್ 27ರಂದು ಸುಗ್ ಕ್ಯಾಂಟನ್ನಿನ ಶಾಸನಸಭೆಯಲ್ಲಿಯೇ ಒಬ್ಬನು ಹದಿನಾಲ್ಕು ಜನರನ್ನು ಕೊಂದನು. ಸೈನಿಕರ ಮನೆಯಲ್ಲಿ ಮುದ್ರೆಹಾಕಿಡುತ್ತಿದ್ದ ಮದ್ದುಗುಂಡನ್ನು 2007ರ ನಿರ್ಣಯದ ಮೇಲೆ ಹಿಂದಕ್ಕೆ ತೆಗೆದುಕೊಂಡರು. ಸೈನ್ಯದ ರೈಫಲುಗಳು ಆಯುಧಾಗಾರದಲ್ಲಿಯೇ ಇರಲಿ, ಕೊಳ್ಳುವವನು ಅಗತ್ಯವನ್ನು ತೋರಿಸಲಿ ಎಂಬ ಸೂಚನೆಯು 2011ರ ಫೆಬ್ರವರಿ 13ರಂದು ಜನಮತಕ್ಕೆ ಬಂದಾಗ ಶೇಕಡಾ 56ಕ್ಕೂ ಹೆಚ್ಚು ಮಂದಿ ಬೇಡವೆಂದರು. ಯೂರೋಪಿನ ಒಕ್ಕೂಟದ ಆಯುಧ ನಿರ್ದೇಶವನ್ನು ಒಪ್ಪಿಕೊಳ್ಳುವ ಪ್ರಶ್ನೆ 2019ರ ಮೇ 19ರಂದು ಬಂದಾಗ ಶೇಕಡಾ 63ಕ್ಕೂ ಹೆಚ್ಚು ಮಂದಿ ಸರಿಯೆಂದರು. ಅದರಿಂದಾಗಿ, ಹೆಚ್ಚು ಗುಂಡು ಹಿಡಿಸುವ ಪೆಟ್ಟಿಗೆಯುಳ್ಳ, ತಾನಾಗಿ ಮರುಗುಂಡು ತುಂಬಿಕೊಳ್ಳುವ ಕೋವಿಯನ್ನು ಕೊಳ್ಳುವ ಗುರಿಕಾರನು ವಿಶೇಷಾನುಮತಿಯನ್ನು ಪಡೆದು, ಐದನೆಯ ಮತ್ತು ಹತ್ತನೆಯ ವರ್ಷಗಳಲ್ಲಿ ತಾನು ಸಂಘದ ಸದಸ್ಯನೆಂದಾಗಲಿ ಕ್ರಮವಾಗಿ ಗುರಿ ಹೊಡೆಯುವವನೆಂದಾಗಲಿ ತೋರಿಸಬೇಕಾಯಿತು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಭೇದವು ಸ್ಪಷ್ಟವಾಗುವುದು. ಜರ್ಮನಿಯು ‘ನಿನಗೇಕೆ ಬೇಕು?’ ಎಂದು ಕೇಳುವುದು. ಆಸ್ಟ್ರಿಯಾವು ‘ನೀನು ಕೇಳುವುದು ಯಾವ ಬಗೆಯದು?’ ಎನ್ನುವುದು. ಸ್ವಿಟ್ಜರ್ಲೆಂಡು ‘ಕೊಡದಿರಲು ಕಾರಣವೇನಾದರೂ ಉಂಟೆ?’ ಎಂದು ತನ್ನನ್ನೇ ಕೇಳಿಕೊಳ್ಳುವುದು. ಇವುಗಳಲ್ಲಿ ಒಂದನ್ನು ಸರಿಯೆಂದೂ ಉಳಿದುವನ್ನು ತಪ್ಪೆಂದೂ ಹೇಳುವುದು ದೂರದಲ್ಲಿ ಕುಳಿತ ನಮಗೆ ಸಲ್ಲದು; ಒಂದೊಂದೂ ಆಯಾ ಜನರ ಚರಿತ್ರೆಯಿಂದ ಹುಟ್ಟಿದುದು. ಆದರೆ ಒಂದು ಪಾಠವು ಮೂರಕ್ಕೂ ಸಮಾನವಾಗಿದೆ. ಲಕ್ಷಾಂತರ ಗುರಿಕಾರರು ಯಾರಿಗೂ ಕೇಡು ಮಾಡದೆ ಬಾಳುವರು; ಅವರು ತುಂಬುವ ಅರ್ಜಿಗಳೂ ಕೊಳ್ಳುವ ಪೆಟ್ಟಿಗೆಗಳೂ ಸಹಿಸುವ ತನಿಖೆಗಳೂ, ಕೇಡು ಮಾಡುವ ಆ ಒಬ್ಬನ ಸಲುವಾಗಿ. ನಿರಪರಾಧಿಗೆ ಈ ಭಾರವು ಅನ್ಯಾಯವೆಂದು ತೋರಬಹುದು. ವಿನ್ನೆಂಡನ್ನಿನ ತಂದೆಯೂ ಅಪರಾಧಿಯ ಮನಸ್ಸಿನವನಾಗಿರಲಿಲ್ಲ. ಹದಿನೈದು ಮನೆಗಳ ದೀಪವಾರಲು ಅವನ ಕಡೆಯಿಂದ ಬೇಕಾದುದು ದುರುದ್ದೇಶವಲ್ಲ, ತಿರುಗಿಸದೆ ಬಿಟ್ಟ ಒಂದು ಬೀಗದ ಕೈ.

ಕಾನೂನು ಮನುಷ್ಯನ ಹೃದಯವನ್ನು ತೂಗಲಾರದು. ಅದರ ಸುತ್ತ ಬೇಲಿಯನ್ನು ಮಾತ್ರ ಕಟ್ಟಬಲ್ಲುದು. ಬೇಲಿಯೊಳಗಿನ ಎಚ್ಚರವು ಮನೆಯವರದು. ಕೋವಿಗೆ ಹೂವಿಡುವ ನಾಡಾಗಲಿ, ಬಹುಮಾನವಿಡುವ ನಾಡಾಗಲಿ, ಈ ಎಚ್ಚರವಿಲ್ಲದೆ ಅದನ್ನು ಮನೆಯೊಳಗೆ ಸುಖವಾಗಿ ಇಟ್ಟುಕೊಂಡುದಿಲ್ಲ.